ಹೊರಗೆ ಹೋಗಿ ಒಳಬಂದ ಪ್ರಾಧ್ಯಾಪಕರು

ಮಾನ್ಯ ಕುಲಪತಿಗಳೇ,

ನಿಮ್ಮ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಔಷಧ ಕಂಡುಹಿಡಿದವರು, ಅದನ್ನು ಮಾರುವ ಕಂಪನಿಯ ಪಾಲುದಾರರು, ಅದು ರೋಗಿಗೆ ಒಗ್ಗಿತೇ ಎಂದು ತೀರ್ಪು ಕೊಡುವವರು ಮೂವರೂ ಒಬ್ಬರೇ. ಇದರಿಂದ ನನ್ನ ಅಕ್ಕನ ಕಿವಿ ಹೋಗಿದೆ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆವು. ನಿಮ್ಮಲ್ಲಿ ಬೇಲಿಗೆ ಮೇಯಲು ಲಿಖಿತ ಅನುಮತಿಯೂ ಸಿಗುತ್ತದೆ.

ನಾನು ಬೈಂಡಿಂಗ್ ಕೆಲಸದವನು. ಇಪ್ಪತ್ತೆರಡು ವರ್ಷದಿಂದ ನಿಮ್ಮ ವಿದ್ಯಾರ್ಥಿಗಳ ಪ್ರಬಂಧಗಳಿಗೆ ರಟ್ಟು ಕಟ್ಟುತ್ತಿದ್ದೇನೆ. ಆ ಪರಿಚಯದಿಂದ, ರೋಗಿಗಳ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಯೆಂದು ನನ್ನನ್ನು ಕೂರಿಸಿದರು. ತಲೆಸುತ್ತಿನ ಮಾತ್ರೆಯ ವಿಷಯ ಬಂದಾಗ ಅಧ್ಯಕ್ಷರಾದ ಪ್ರಾಧ್ಯಾಪಕರು ಎದ್ದು, ಇದರಲ್ಲಿ ತಮ್ಮ ಹಿತಾಸಕ್ತಿ ಇದೆ, ತಾವು ಹೊರಗಿರುವುದೇ ಸರಿ ಎಂದರು. ಎಂಥ ಸಂಭಾವಿತರಪ್ಪಾ ಎಂದುಕೊಂಡೆ. ಹೋದವರು ಗಾಜಿನ ಬಾಗಿಲಿನಾಚೆಯೇ ನಿಂತರು. ಒಳಗಿದ್ದವರಲ್ಲಿ ಇಬ್ಬರು ಅವರ ಕೈಕೆಳಗಿನವರು, ಇನ್ನೊಬ್ಬರ ಬಡ್ತಿಗೆ ಅವರ ಸಹಿ ಬೇಕು. ಎಲ್ಲರೂ ಬಾಗಿಲ ಕಡೆ ನೋಡುತ್ತಲೇ ಕೈ ಎತ್ತಿದರು. ನಾನೂ ಎತ್ತಿದೆ, ಸಹಿಯನ್ನೂ ಹಾಕಿದೆ. ಐದು ನಿಮಿಷ ಆಗಿರಲಿಲ್ಲ, ಅವರು ಒಳಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಮುಂದಿನ ವಿಷಯ ಎತ್ತಿಕೊಂಡರು.

ಅಕ್ಕ ಕೋರ್ಟಿನಲ್ಲಿ ಸ್ಟೆನೋ. ಕಿವಿಯೇ ಅವಳ ಅನ್ನ. ತಲೆಸುತ್ತಿನಿಂದ ಬೇಸತ್ತಿದ್ದವಳು, ತಮ್ಮನೇ ಸಮಿತಿಯಲ್ಲಿರುವಾಗ ಭಯವೇನು ಎಂದು ಪ್ರಯೋಗಕ್ಕೆ ಸೇರಿದಳು. ಆರನೇ ವಾರ ಎಡಗಿವಿ ಮಂದವಾಯಿತು, ಹತ್ತನೇ ವಾರ ಬಲಗಿವಿ. ಪ್ರಾಧ್ಯಾಪಕರು ಕಡತದಲ್ಲಿ 'ವಯೋಸಹಜ' ಎಂದು ಬರೆದರು. ಅವಳಿಗಿನ್ನೂ ನಲವತ್ತಾರು. ನಾನು ಸಮಿತಿಗೆ ದೂರು ಕೊಟ್ಟೆ. ವಿಚಾರಣೆ ಮಾಡಿದವರು ಯಾರು? ಅವರೇ. ಈ ಸಲ ಹೊರಗೆ ಹೋಗುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಹೊಸ ಔಷಧ ಬರಲಿ, ಕಂಡುಹಿಡಿದವರು ನಾಲ್ಕು ಕಾಸು ಕಾಣಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡು ಬಂದರೆ ಅವನಿಗೆ ನೀವು ಪದವಿ ಕೊಡುತ್ತೀರಾ, ಸ್ವಾಮಿ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅಕ್ಕ ಮೊನ್ನೆ ಕೇಳಿದಳು: "ಸಹಿ ಹಾಕೋ ಮುಂಚೆ ಆ ಕಾಗದ ಎಲ್ಲಾ ಓದಿದ್ಯೇನೋ?" ತೊಂಬತ್ತು ಪುಟವಿತ್ತು, ದೊಡ್ಡವರು ಓದಿರುತ್ತಾರೆಂದು ಬಿಟ್ಟಿದ್ದೆ. ಇಲ್ಲ ಎಂದೆ. ಅವಳಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದಳು. ಎರಡನೇ ಸಲ ಚೀಟಿಯಲ್ಲಿ ಬರೆದು ಕೊಡಬೇಕಾಯಿತು. ನಾಚಿಕೆಯಿಂದ ಸತ್ತುಹೋದೆ.

ಬರುವ ಸೋಮವಾರ ಇನ್ನೂ ಅರವತ್ತು ಜನರಿಗೆ ಈ ಮಾತ್ರೆ ಶುರುವಾಗಲಿದೆ. ಅದನ್ನು ನಿಲ್ಲಿಸಿ. ಕಂಪನಿಯ ಹಂಗಿಲ್ಲದ ಹೊರಗಿನ ವೈದ್ಯರಿಂದ ಈಗಾಗಲೇ ನುಂಗಿದವರ ಕಿವಿ ಪರೀಕ್ಷೆ ಮಾಡಿಸಿ. ಆ ಒಪ್ಪಿಗೆಯಿಂದ ನನ್ನ ಸಹಿಯನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.

ಇಂತಿ,
ಓದದೇ ಒಪ್ಪಿದ,
ಜನಸಾಮಾನ್ಯರ ಪ್ರತಿನಿಧಿ