ತೊಟ್ಟಿಲ ಪದಕ್ಕೆ ಬಿದ್ದ ಬೀಗ

ಕಂಪ್ಲಿ,
೧೨ ನವೆಂಬರ್ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ಸೊಸೆ ಶೈಲಜಾಳ ಶರಣು.

ಮೊಣಕಾಲು ಹೇಗಿದೆ? ದೋಣಿಮಲೈ ಚಳಿಗೆ ಹಿಡಿದುಕೊಳ್ಳುತ್ತದೆ ಎಂದು ಗೊತ್ತಿದ್ದೇ ಎಳ್ಳೆಣ್ಣೆ ಬಾಟಲಿ ನಿಮ್ಮ ಚೀಲದಲ್ಲಿ ಇಟ್ಟಿದ್ದೆ. ಅದನ್ನು ಪೂರಾ ಕೂಸಿಗೇ ತಿಕ್ಕಿ ಮುಗಿಸಿರುತ್ತೀರಿ, ನನಗೆ ಗೊತ್ತು. ನನ್ನ ನಾದಿನಿ ಗಂಗಾ ಹೊಟ್ಟೆ ತುಂಬ ಉಣ್ಣುತ್ತಾಳಾ? ಬಾಣಂತಿಗೆ ಅದು ಬೇಡ ಇದು ಬೇಡ ಎಂದು ಅವಳನ್ನು ಬಹಳ ಕಾಡಬೇಡಿ. ಅಳಿಯಂದಿರ ಕಂಪನಿ ಆಸ್ಪತ್ರೆ ಹತ್ತಿರ ಎಂದು ಹೆರಿಗೆ ಅಲ್ಲೇ ಆಯಿತು, ನೀವೂ ಬಾಣಂತನಕ್ಕೆ ಅಲ್ಲೇ ಉಳಿದಿರಿ. ಇಲ್ಲಿ ಮಾವನವರು ದಿನಾ ಒಂದು ಸಲ "ನಿಮ್ಮತ್ತಿ ಇದ್ದಿದ್ರ..." ಎಂದು ಶುರು ಮಾಡಿ ಅರ್ಧಕ್ಕೇ ಬಿಡುತ್ತಾರೆ. ಮೊಮ್ಮಗಳ ಫೋಟೋವನ್ನು ಮಿಲ್ಲಿಗೆ ಭತ್ತ ತಂದ ಲಾರಿಯವರಿಗೆಲ್ಲ ತೋರಿಸಿದ್ದಾಗಿದೆ. ಮೂಗು ಅವರದೇ ಅಂತೆ. ನಾನು ಹೌದು ಎಂದಿದ್ದೇನೆ, ನೀವೂ ಹೌದೆಂದುಬಿಡಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಫೋನನ್ನು ಸ್ಪೀಕರಿಗೆ ಹಾಕಿ ಇಡೀ ಕ್ವಾರ್ಟರ್ಸಿಗೆ ಕೇಳಿಸುತ್ತೀರಿ. ಇದು ತೊಟ್ಟಿಲಿಗೆ ಹಾಕುವ ದಿನದವರೆಗೆ ಗಂಗಾಗೆ ಗೊತ್ತಾಗಬಾರದ ವಿಷಯ. ಓದಿದ ಮೇಲೆ ಕಾಗದ ಸೀರೆ ಮಡಿಕೆಯಲ್ಲಿ ಸೇರಿಸಿಬಿಡಿ.

ಹೊರಡುವಾಗ ಬಾಗಿಲಲ್ಲಿ ನಿಂತು ನೀವು ಹೇಳಿದ್ದು ಒಂದೇ ಮಾತು: "ತೊಟ್ಟಲಕ್ಕ ಹಾಕೋ ದಿನ ನಮ್ಮವ್ವನ ಪದ ಆಗಬೇಕು ನೋಡವ್ವ, ಮರೀಬ್ಯಾಡ." ನಿಮ್ಮವ್ವ ಹಂಪಮ್ಮ ಬುಕ್ಕಸಾಗರದಲ್ಲಿ ಯಾರ ಮನೆಯ ಕೂಸಿದ್ದರೂ ತೊಟ್ಟಿಲ ಮುಂದೆ ಹಾಡಿದವರು. ನೀವು ಮಾತ್ರ ಯಾವತ್ತೂ ಬಾಯಿ ಬಿಡಲಿಲ್ಲ. "ಅವ್ವನ ಮುಂದ ನನ್ನ ದನಿ ಏನು, ಒಡಕು ಮಡಿಕಿ" ಎನ್ನುತ್ತಿದ್ದಿರಿ. ಅವರ ಪದ ಉಳಿದಿದ್ದದ್ದು ನಮ್ಮ ಮಿಲ್ಲಿನ ಹಳೆ ಕಂಪ್ಯೂಟರಿನಲ್ಲಿ ಒಂದೇ ಕಡೆ. ನೀವು ಅತ್ತ ಹೋದ ವಾರದಲ್ಲೇ ಕರೆಂಟು ಏರುಪೇರಾಗಿ ಆ ಕಂಪ್ಯೂಟರು ಹೊಗೆ ಬಿಟ್ಟಿತು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಊಟ ಬಿಡುತ್ತಿದ್ದಿರಿ.

ಮಾವನವರು ಹೊಸಪೇಟೆಗೆ ಹೋಗಿ ಹೊಸ ಲ್ಯಾಪ್‌ಟಾಪು ತಂದರು. ತಂದವರು ಸುಮ್ಮನೆ ಬಿಟ್ಟಾರೆಯೇ? ಹೊಸ ಟ್ರ್ಯಾಕ್ಟರಿಗೆ ಮಾಡಿದಂತೆ ಪೂಜೆ ಆಯಿತು, ಕಾಯಿ ಒಡೆದದ್ದಾಯಿತು, ಪರದೆಯ ಮೇಲಂಚಿಗೆ ದಪ್ಪಗೆ ಮೂರು ಗೆರೆ ವಿಭೂತಿ ಎಳೆದರು. ಆ ಯಂತ್ರ ಮಾಲೀಕನ ಮುಖ ನೋಡಿ ತೆರೆಯುವಂಥದ್ದು. ಮರುದಿನ ಮಾವನವರು ಎದುರು ಕೂತರೆ, ನಿಮ್ಮ ಗುರುತು ಸಿಗಲಿಲ್ಲ ಎಂದು ಬರೆದು ತೋರಿಸಿತು. ರುಮಾಲು ತೆಗೆದು ಕೂತರು, ಹಾಕಿಕೊಂಡು ಕೂತರು, ಕನ್ನಡಕ ಬದಲಾಯಿಸಿದರು, ಕೊನೆಗೆ ಹೋಗಿ ಗಡ್ಡ ಬೋಳಿಸಿಕೊಂಡು ಬಂದರು. "ಇಡೀ ಕಂಪ್ಲಿಗೆ ಗೊತ್ತು ಗಾದಿಲಿಂಗಪ್ಪ ಯಾರಂತ. ನನ್ನ ರೊಕ್ಕದಾಗ ಬಂದ ಈ ಡಬ್ಬಿಗೆ ಗೊತ್ತಿಲ್ಲಂತ" ಎಂದು ಕುದಿಯುತ್ತಿದ್ದರು. ವಿಭೂತಿ ಬಿದ್ದದ್ದು ಕ್ಯಾಮೆರಾದ ಕಣ್ಣಿಗೇ. ನಾನು ಸೆರಗಿನಿಂದ ಒರೆಸಿದೆ, ತೆರೆಯಿತು. ನಗಬಾರದೆಂದು ಅಡುಗೆಮನೆಗೆ ಓಡಿದೆ, ಅಲ್ಲಿ ನಿಮ್ಮ ಮಗ ಈಶ್ವರ್ ಆಗಲೇ ನೆಲಕ್ಕೆ ಕೂತು ನಗುತ್ತಿದ್ದರು.

ನಗು ಅಲ್ಲಿಗೇ ನಿಂತಿತು. ಹಳೆ ಡಬ್ಬಿ ಸುಟ್ಟರೂ ಅದರ ಡಿಸ್ಕ್ ಉಳಿದಿತ್ತು, ಅದರೊಳಗಿನ ಹಾಡನ್ನೆಲ್ಲ ಕಂಪ್ಯೂಟರ್ ರಿಪೇರಿಯ ಭಾರ್ಗವ್ ಹೊಸದಕ್ಕೆ ತುಂಬಿಕೊಟ್ಟ. ಸಿನಿಮಾ ಹಾಡು ಬಂತು, ವಚನ ಬಂತು, ಹಂಪಮ್ಮನ ಪದಕ್ಕೆ ಮಾತ್ರ ಅನುಮತಿ ಇಲ್ಲ ಎಂದಿತು. ಹಂಪಮ್ಮ ಇದ್ದಾಗ ಅವರ ಪದ ರೆಕಾರ್ಡ್ ಮಾಡಿಕೊಟ್ಟ ಸ್ಟುಡಿಯೋದವನು ಅದಕ್ಕೊಂದು ಬೀಗ ಹಾಕಿದ್ದನಂತೆ. ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಕೇಳಬೇಕು, ಬೇರೆಡೆ ಬೇಕಾದರೆ ಬೀಗ ಮಾಡಿದ ಕಂಪನಿಯನ್ನು ಇಂಟರ್ನೆಟ್ಟಿನಲ್ಲಿ ಕೇಳಬೇಕು. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಬೇಕರಿ ಇದೆ. ಆ ಮನುಷ್ಯನನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಯಾರಾದರೂ ಕದ್ದು ಹಂಪಿಯ ಅಂಗಡಿಗಳಲ್ಲಿ ಮಾರಿಕೊಂಡಾರು ಎಂಬ ಕಾಳಜಿಗೇ ಹಾಕಿದ್ದ. ಆದರೆ ಬೀಗ ಹಾಕಿದವರು ಕೀಲಿಯ ಸಮೇತ ಹೋಗಿಬಿಟ್ಟರೆ ಮನೆಯವರು ಎಲ್ಲಿಗೆ ಹೋಗಬೇಕು? ಮಾವನವರಿಗೆ ಅದು ತಲೆಗೆ ಹೋಗಲೇ ಇಲ್ಲ. "ಎಮ್ಮಿ ನಂದು, ಹುಲ್ಲು ನಂದು. ಹಾಲು ಹಿಂಡಾಕ ಮಾರಿದವನ್ನ ಕೇಳಬೇಕೇನು? ಅವ ಸತ್ರ ಎಮ್ಮಿ ಬತ್ತಬೇಕೇನು?" ಎಂದು ಭಾರ್ಗವನನ್ನೇ ದಬಾಯಿಸಿದರು. ಅಷ್ಟರಲ್ಲಿ ಲ್ಯಾಪ್‌ಟಾಪು, ತಾನೀಗ ಅಪ್‌ಡೇಟ್ ಆಗುತ್ತೇನೆ, ನನ್ನನ್ನು ಮುಟ್ಟಬೇಡಿ ಎಂದು ತನ್ನಷ್ಟಕ್ಕೆ ತಾನೇ ಕಣ್ಣು ಮುಚ್ಚಿತು. ಮಾವನವರು ಎದ್ದು ಹೋಗಿ ಭತ್ತದ ರಾಶಿಯ ಮೇಲೆ ಕೂತರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ನಿಮಗೆ ಹೇಗೆ ಮುಖ ತೋರಿಸಲಿ ಎಂಬುದೇ ಅವರ ಚಿಂತೆ.

ಭಾರ್ಗವ್ ಒಳ್ಳೆಯ ಹುಡುಗ, ಬೈಗುಳ ತಿಂದೂ ಹಳೆ ಡಬ್ಬಿಯನ್ನು ಅಂಗಡಿಗೆ ಹೊತ್ತುಕೊಂಡು ಹೋದ. ಸುಟ್ಟ ಭಾಗ ಬದಲಿಸಿ ಜೀವ ಬರಿಸಿ ತಂದಿಟ್ಟ. "ಎಷ್ಟು ದಿನ ಇರತೈತೋ ಹೇಳಾಕ ಆಗಂಗಿಲ್ಲ ಸಾಹುಕಾರ್ರ. ಅಲ್ಲಾಡಿಸಬ್ಯಾಡ್ರಿ, ದೋಣಿಮಲೈ ಘಾಟಿ ಹತ್ತಿಸೋದಂತೂ ಬ್ಯಾಡೇ ಬ್ಯಾಡ" ಎಂದ. ಅಂದರೆ ಕೇಳಬಹುದು, ನಿಮ್ಮ ಹತ್ತಿರ ತರುವಂತಿಲ್ಲ, ಇನ್ನೊಂದಕ್ಕೆ ಇಳಿಸಿಕೊಳ್ಳುವಂತಿಲ್ಲ.

ಆಗ ಮಾವನವರು ಏನು ಮಾಡಿದರು ಗೊತ್ತೇ? ಮಿಲ್ಲು ನಿಲ್ಲಿಸಿದರು. ಹೌದು ಅತ್ತೆ, ಸುಗ್ಗಿಯಲ್ಲಿ, ಬಾಗಿಲ ಮುಂದೆ ಲಾರಿಗಳು ಸಾಲಾಗಿ ನಿಂತಿರುವಾಗ. ಸದ್ದು ಅಡಗಿದ ಕೂಡಲೇ ಓಣಿಯವರೆಲ್ಲ ಏನಾಯಿತೋ ಎಂದು ಓಡಿಬಂದರು. ಬಂದವರನ್ನು ನಾನು ಚಾಪೆ ಹಾಸಿ ಕೂರಿಸಿದೆ. ಸ್ಪೀಕರಿನ ಮುಂದೆ ಮಾವನವರು ತಮ್ಮ ಫೋನು ಹಿಡಿದು ರೆಕಾರ್ಡಿಗೆ ಇಟ್ಟರು. ಇದು ಕಳ್ಳತನ ಆಗುವುದಿಲ್ಲವೇ ಎಂದು ನಿಮ್ಮ ಮಗನಿಗೆ ಅನುಮಾನ. "ನಮ್ಮತ್ತಿ ಹಾಡ್ಯಾಳ, ನನ್ನ ಮೊಮ್ಮಗಳು ಕೇಳತಾಳ. ನಡುವ ಕಳ್ಳ ಯಾರಲೇ?" ಎಂದರು ಮಾವ. ಪಕ್ಕದ ಮನೆಯ ವಿಜಯಲಕ್ಷ್ಮೀ ಟೀಚರು, "ಹೆಪ್ಪು ಕೊಟ್ಟರ ಯಾರ ಮನಿ ಮೊಸರು ಕಡಿಮಿ ಆಗೈತ್ರಿ" ಎಂದು ಅವರ ಪರ ನಿಂತರು.

"ಹೊಳಿ ದಂಡಿ ಗಾಳಿ ತೆನಿ ತೂಗಿ ಬಂದೈತಿ, ತೂಗ ಬಾ ನನ್ನ ತೊಟ್ಟಿಲ" ಎಂದು ಹಂಪಮ್ಮನ ದನಿ ಎದ್ದಿತು ನೋಡಿ, ಲಾರಿಯವರು ಕೂಡ ಬೀಡಿ ಆರಿಸಿದರು. ಒಂದು ಸಲ ಸುಮ್ಮನೆ ಕೇಳಿದೆವು. ಎರಡನೆಯ ಸಲ ಯಾರೋ ಮೆಲ್ಲಗೆ ಗುನುಗಿದರು. ಆಮೇಲೆ ತಡೆಯುವವರು ಯಾರು? ದಿನಾ ಬೆಳಿಗ್ಗೆ ಮಿಲ್ಲು ಶುರುವಾಗುವ ಮುಂಚೆ ಬಂದು ಕೂತು ಹಾಡಿ ಹಾಡಿ ಓಣಿಯ ಹೆಂಗಸರೆಲ್ಲ ಪದ ಕಲಿತರು. ನನ್ನ ರಾಗ ಅಲ್ಲಲ್ಲಿ ಜಾರುತ್ತದೆ, ಟೀಚರಮ್ಮ ಎಳೆದು ತರುತ್ತಾರೆ. ಮಾವನವರ ಫೋನಿನಲ್ಲಿ ಪದದ ಜೊತೆ ನಮ್ಮ ಎಮ್ಮೆಯ ಕೂಗು, ಯಾರದೋ ಬಳೆ ಸದ್ದು, ಅವರದೇ ಸೀನು ಎಲ್ಲ ಸೇರಿದೆ. ನನಗಂತೂ ಹಾಗಿದ್ದರೇ ಚಂದ ಅನ್ನಿಸುತ್ತಿದೆ.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಹೆಸರಿಡುವುದಲ್ಲವೇ? ಒಂದು ಟೆಂಪೋ ತುಂಬ ಬರುತ್ತೇವೆ, ಓಣಿಗೆ ಓಣಿಯೇ. ಅಡುಗೆಯವನಿಗೆ ಮುಂಚೆಯೇ ಹೇಳಿಡಿ. ಈ ಕಾಗದದ ಜೊತೆ ರೊಟ್ಟಿ, ಶೇಂಗಾ ಚಟ್ನಿ ಇದೆ. ಗಣಿಗೆ ಡ್ಯೂಟಿಗೆ ಬರುವ ನಮ್ಮ ಯಲ್ಲೇಶ್ ಕೈಯಲ್ಲಿ ಕಳಿಸಿದ್ದೇನೆ, ಅವನಿಗೆ ಚಹಾ ಕೊಡದೆ ಬಿಡಬೇಡಿ. ಗಂಗಾಗೆ ನನ್ನ ನೆನಪು, ಅಳಿಯಂದಿರಿಗೆ ನಮಸ್ಕಾರ, ಕೂಸಿಗೆ ನೀವೇ ನನ್ನ ಬದಲು ದೃಷ್ಟಿ ತೆಗೆಯಿರಿ.

ನಿಮ್ಮ ಆಶೀರ್ವಾದದ
ಶೈಲಜಾ

ತಾ.ಕ.: ಯಲ್ಲೇಶ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನೀವು ಯಾವಾಗಲೂ ಪದ ಕೇಳುತ್ತಾ ಕಣ್ಣೊರೆಸಿಕೊಂಡು ಅರ್ಧಕ್ಕೇ ಆರಿಸಿಬಿಡುತ್ತಿದ್ದಿರಿ. ಕಡೆಯ ನುಡಿಗೆ ಮುಂಚೆ ನಿಮ್ಮವ್ವ ನಿಮ್ಮ ಹೆಸರು ಹಿಡಿದು ಮಾತಾಡಿದ್ದಾರೆ: "ಈ ಕಡೀ ನುಡಿ ಕೂಸಿನ ತಾಯಿಯ ತಾಯಿನ ಹಾಡಬೇಕು, ಬ್ಯಾರೆಯವರಲ್ಲ. ಗಂಗಾನ ತೊಟ್ಟಲಕ್ಕ ನಾ ಹಾಡೀನಿ. ಗಂಗಾನ ಕೂಸಿನ ಹೊತ್ತಿಗೆ ನಾ ಇರಂಗಿಲ್ಲ. ನೀಲವ್ವ, ಅವತ್ತು ನೀ ಹಾಡು. ನಾಚಬ್ಯಾಡ." ಅದನ್ನು ಕೇಳಿ ನಾವೆಲ್ಲ ಎದ್ದು ಹೊರಗೆ ಹೋದೆವು. ಮಾವನವರು ಒಬ್ಬರೇ ಕೂತು ಆ ನುಡಿಯನ್ನು ಫೋನಿಗೆ ಇಳಿಸಿದರು. ನಮ್ಮಲ್ಲಿ ಯಾರೂ ಅದನ್ನು ಕಲಿತಿಲ್ಲ, ಕಲಿಯುವುದೂ ಇಲ್ಲ. ಆ ಫೋನನ್ನೇ ರೊಟ್ಟಿ ಗಂಟಿನಲ್ಲಿ ಇಟ್ಟಿದ್ದೇನೆ, ಒಂದು ಗುಂಡಿ ಒತ್ತಿದರೆ ಸಾಕು. ಅವತ್ತು ಅದರ ಹಿಂದಿನ ನುಡಿಯವರೆಗೆ ಹಾಡಿ ನಾವು ಸುಮ್ಮನಾಗುತ್ತೇವೆ. ಕೂಸು ತೊಟ್ಟಿಲಲ್ಲಿ ಕಾಯುತ್ತಿರುತ್ತದೆ. ಮುಂದಿನದು ನಿಮ್ಮದು.