ಗೋಡೆಯ ಮೇಲೆ ಎರಡು ಬೆರಳು ಇಳಿದ ಗೆರೆ

ಶಾಲಾ ಮಕ್ಕಳ ಆರೋಗ್ಯ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಊರಿನ ಮಕ್ಕಳನ್ನು ಒಂದೇ ದಿನದಲ್ಲಿ ಎತ್ತರ ಮಾಡಿದ್ದಕ್ಕೆ ಮೊದಲು ಅಭಿನಂದನೆ ಸ್ವೀಕರಿಸಬೇಕು. ಔಷಧಿಯಿಲ್ಲ, ಊಟವಿಲ್ಲ, ಒಂದು ಸುತ್ತೋಲೆ, ಅರ್ಧ ಡಬ್ಬಿ ಬಣ್ಣ, ಅಷ್ಟೇ. ಶಾಲೆಯ ಗೋಡೆಯಲ್ಲಿ ಪ್ರತಿ ವಯಸ್ಸಿಗೂ ಎಳೆದಿದ್ದ ಎತ್ತರದ ಗೆರೆಯನ್ನು ಎರಡು ಬೆರಳು ಕೆಳಗಿಳಿಸಿದ್ದೀರಿ. ಗೆರೆ ಮುಟ್ಟದ ಮಗುವಿಗೆ ಮಾತ್ರ ಹಾಲು ಎಂಬುದು ನಿಮ್ಮ ನಿಯಮ. ಈಗ ಮುಕ್ಕಾಲು ಪಾಲು ಮಕ್ಕಳು ಗೆರೆ ದಾಟಿದ್ದಾರೆ. ಬರುವ ಒಂದನೇ ತಾರೀಖಿನಿಂದ ಅವರ ಹಾಲು ಬಂದ್. "ಮಾನದಂಡವನ್ನು ವಾಸ್ತವಕ್ಕೆ ಹೊಂದಿಸಲಾಗಿದೆ" ಎಂದು ಬರೆದಿದ್ದೀರಿ. ಜ್ವರ ಬಂದವನ ಥರ್ಮಾಮೀಟರಿನ ಅಂಕಿಗಳನ್ನು ಅಳಿಸಿ ಬರೆದರೂ ಇದೇ ಮಾತು ಹೇಳಬಹುದಲ್ಲವೇ?

ನನ್ನ ಅಪ್ಪ ದರ್ಜಿ. ಇಪ್ಪತ್ತಾರು ವರ್ಷದಿಂದ ಆ ಶಾಲೆಯ ಸಮವಸ್ತ್ರ ಹೊಲಿಯುವವರು ಅವರೇ. ಒಂದೊಂದು ಮಗುವಿನ ಅಳತೆಯೂ ಅವರ ಪುಸ್ತಕಗಳಲ್ಲಿದೆ. ಮೊದಲ ಹದಿನೆಂಟು ವರ್ಷ ಒಂದೇ ತರಗತಿಯ ಮಕ್ಕಳ ಅಳತೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಆಮೇಲೆ ಇಳಿಯತೊಡಗಿತು. ಅಪ್ಪನಿಗೆ ಮೊದಲು ಅನುಮಾನ ಬಂದದ್ದು ಟೇಪಿನ ಮೇಲೆ. ಹಳೇ ಟೇಪು ಎಳೆದೆಳೆದು ಹಿಗ್ಗುತ್ತದೆ, ಅದರಲ್ಲಿ ಅಳೆದರೆ ಎಲ್ಲವೂ ಗಿಡ್ಡ. ಹೊಸದು ತಂದರು. ಮಾರನೇ ವರ್ಷವೂ ಇಳಿಯಿತು. ಇನ್ನೊಂದು ತಂದರು. ನಮ್ಮ ಅಂಗಡಿಯ ಮೊಳೆಯಲ್ಲಿ ಈಗ ಐದು ಟೇಪು ನೇತಾಡುತ್ತಿವೆ; ಐದೂ ಒಂದೇ ಲೆಕ್ಕ ಹೇಳುತ್ತಿವೆ.

ಮಕ್ಕಳು ಬೆಳೆಯುತ್ತಾರೆಂದು ಅಪ್ಪ ಪ್ರತಿ ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಮಡಿಸಿ ಹೊಲಿಯುತ್ತಾರೆ. ಮೊದಲೆಲ್ಲ ವರ್ಷ ತುಂಬುವುದರೊಳಗೆ ತಾಯಂದಿರು ಮಡಿಕೆ ಬಿಚ್ಚಿಸಲು ಸಾಲುಗಟ್ಟುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಹೋದ ವಾರ ಪಕ್ಕದ ಮನೆಯಾಕೆ ಹೊಗಳಿದರು: "ನಿಮ್ಮ ಹೊಲಿಗೆ ಭಾರಿ ಬಾಳಿಕೆ ಬರುತ್ತೆ ಅಣ್ಣಾ. ಎರಡು ವರ್ಷ ಆಯ್ತು, ಮಗೂಗೆ ಇನ್ನೂ ಸರಿಯಾಗೇ ಇದೆ!" ಅಪ್ಪ ಮೆಷಿನ್ ತುಳಿಯುವುದನ್ನು ನಿಲ್ಲಿಸಿಬಿಟ್ಟರು.

ಮಕ್ಕಳು ಕುಳ್ಳಗಿರುವುದು ವಂಶದ ಗುಣ ಎಂದೂ ಸುತ್ತೋಲೆಯಲ್ಲಿ ಅನ್ನುತ್ತೀರಿ. ಒಂದು ಮನೆಯವರು ಉದ್ದ, ಇನ್ನೊಂದು ಮನೆಯವರು ಕುಳ್ಳ, ಅದು ವಂಶ, ಒಪ್ಪಿದೆ. ಆದರೆ ಎಂಟೇ ವರ್ಷದಲ್ಲಿ ಇಡೀ ಊರನ್ನು ಕುಗ್ಗಿಸುವಷ್ಟು ಅವಸರ ಯಾವ ವಂಶಕ್ಕಿದೆ? ನನ್ನ ತಾತ ಅಪ್ಪನ ಕಿವಿಯವರೆಗೆ ಬರುತ್ತಿದ್ದರು, ಅಪ್ಪ ನನ್ನ ಕಿವಿಯವರೆಗೆ. ರಕ್ತ ಅದೇ. ಬದಲಾದದ್ದು ತಟ್ಟೆ, ಲಸಿಕೆ, ಕುಡಿಯುವ ನೀರು. ಅರೆಹೊಟ್ಟೆಯ, ತಿಂಗಳಿಗೊಮ್ಮೆ ಭೇದಿ ಹಿಡಿಯುವ ಮೈ ಬೆಳೆಯುವುದನ್ನು ಮುಂದಕ್ಕೆ ಹಾಕುತ್ತದೆ. ಪ್ರಾಯ ಮೀರಿತೋ, ಮುಂದಕ್ಕೆ ಹಾಕಿದ್ದು ಕೈಗೆ ಸಿಗುವುದಿಲ್ಲ. ಹಾಗಾದರೆ ಎಂಟು ವರ್ಷದ ಹಿಂದೆ ಆದದ್ದೇನು? ಎಲ್ಲ ಮಕ್ಕಳಿಗೂ ಇದ್ದ ಹಾಲು "ಗೆರೆ ಮುಟ್ಟದವರಿಗೆ ಮಾತ್ರ" ಆಯಿತು. ಅದೇ ವರ್ಷ ಶಾಲೆಯ ನೀರು ಶುದ್ಧ ಮಾಡುವ ಯಂತ್ರ ಕೆಟ್ಟಿತು. "ದುರಸ್ತಿಯಲ್ಲಿದೆ" ಎಂಬ ಚೀಟಿ ಇವತ್ತಿಗೂ ಅದರ ಮೇಲಿದೆ. ಚೀಟಿಯನ್ನು ಮಾತ್ರ ಎರಡು ಸಲ ಹೊಸದಾಗಿ ಅಂಟಿಸಿದ್ದಾರೆ.

ನಿಮ್ಮ ಕಚೇರಿಗೂ ಬಂದಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಗುಮಾಸ್ತರ ಮುಂದೆ ಕೈಕಟ್ಟಿ ನಿಂತು, "ತಂಗಿಗೆ ಎತ್ತರದ ಪ್ರಮಾಣಪತ್ರ ಬೇಕಿತ್ತು ಸಾರ್. ಮೊನ್ನೆವರೆಗೆ ಗಿಡ್ಡ ಇದ್ದಳು, ನಿಮ್ಮ ಸುತ್ತೋಲೆಯಿಂದ ವಾಸಿಯಾಯ್ತು" ಅಂದೆ.

"ತಮಾಷೆಗೆ ಬೇರೆ ಜಾಗ ಸಿಗಲಿಲ್ವೇನಯ್ಯಾ?"

"ಇಷ್ಟು ಚೆನ್ನಾಗಿರೋದು ಸಿಗಲಿಲ್ಲ ಸಾರ್."

ಗದರುತ್ತಾರೆಂದುಕೊಂಡೆ. ಅವರು ನಿಮ್ಮ ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು: "ನನ್ನ ಮಗಳಿಗೆ ಹೋದ ವರ್ಷದ ಶೂ ಈಗಲೂ ಸಡಿಲ ಕಣಯ್ಯಾ. ನಾನು ಯಾರನ್ನ ಕೇಳಲಿ?" ನನ್ನ ಜೇಬಿನಲ್ಲಿ ಇನ್ನೂ ಮೂರು ತಮಾಷೆ ಇದ್ದವು. ಹಾಗೇ ವಾಪಸು ತಂದೆ.

ತಂಗಿಗೆ ಒಂಬತ್ತು ವರ್ಷ. ಹಳೆಯ ಗೆರೆಗೆ ಒಂದು ಬೆರಳು ಕಡಿಮೆ, ಹೊಸ ಗೆರೆಗೆ ಒಂದು ಬೆರಳು ಜಾಸ್ತಿ. ಅಳತೆಯ ದಿನ ಚೀಲ ಎಸೆದು ಓಡಿ ಬಂದಳು: "ಅಣ್ಣಾ, ಗೆರೆ ದಾಟಿಬಿಟ್ಟೆ! ಕುಳ್ಳಿ ಕುಳ್ಳಿ ಅಂತಿದ್ದೆಯಲ್ಲಾ, ಈಗ ಅನ್ನು ನೋಡೋಣ!" ಅಪ್ಪ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದರು. ಹೋದ ವರ್ಷದ ಅಂಕಿಯೇ. ಪುಸ್ತಕ ಮುಚ್ಚಿಟ್ಟು, "ಹೌದಮ್ಮಾ, ಭಾರಿ ಬೆಳೆದಿದ್ದೀಯ" ಅಂದರು.

ಮುಂದಿನ ವರ್ಷ ಇನ್ನೆರಡು ಬೆರಳು ಇಳಿಸುತ್ತೀರಿ. ಇಳಿಸುವವರಿಗೆ ನೆಲ ಸಿಗುವ ತನಕ ಜಾಗವಿದೆ. ಅದಕ್ಕೆ ಮುಂಚೆ, ಒಂದನೇ ತಾರೀಖಿನೊಳಗೆ, ಗೆರೆಯನ್ನು ಹಳೆಯ ಜಾಗಕ್ಕೆ ಏರಿಸಿ. ಹಾಲನ್ನು ಎಲ್ಲ ಮಕ್ಕಳಿಗೂ ಕೊಡಿ. ನೀರಿನ ಯಂತ್ರ ರಿಪೇರಿ ಮಾಡಿಸಿ. ಇದಾವುದೂ ಆಗದಿದ್ದರೆ ಖುದ್ದಾಗಿ ನಮ್ಮ ಮನೆಗೆ ಬನ್ನಿ. ಅವಳನ್ನು ಎದುರಿಗೆ ಕೂರಿಸಿಕೊಂಡು, "ಗೆರೆಯನ್ನು ನಾವೇ ಇಳಿಸಿದೆವು ಮಗೂ" ಎಂದು ನಿಮ್ಮ ಬಾಯಿಂದಲೇ ಹೇಳಿ. ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಿಂದಲೂ ಹೊರಡುತ್ತಿಲ್ಲ.

ಇಂತಿ,
ಅವಳನ್ನು ರೇಗಿಸುವುದನ್ನು ನಿಲ್ಲಿಸಿರುವ ಅಣ್ಣ