ಅಮ್ಮನ ಕೋಣೆಗೆ ಪ್ಲಾಸ್ಟಿಕ್ ನೆಲ ಬೇಡ

ತಮ್ಮಾ,

ನೈಟ್ ಡ್ಯೂಟಿ ಮುಗಿಸಿ ಬಂದವನು ಮೊದಲು ಅಮ್ಮನ ಕೋಣೆಗೆ ಹೋಗು. ನೆಲದ ಮೇಲೆ ಬೋರಲು ಹಾಕಿಟ್ಟ ಗಾಜಿನ ಬಟ್ಟಲು ಎತ್ತಿ ನೋಡು, ಒಳಗೆಲ್ಲ ಹನಿ ಕಟ್ಟಿದೆ. ಅದು ಈ ಹಳೇ ಮನೆಯ ನೆಲ ಬಿಟ್ಟ ಉಸಿರು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಬಾಯಿ ಮುಚ್ಚಿಸೋಕೆ ಹೊರಟಿದ್ದೀಯ! ಹಜಾರಕ್ಕೆ ಅಂಟಿಸಿದ್ದು ಕಪ್ಪೆ ಹೊಟ್ಟೆ ಹಾಗೆ ಉಬ್ಬಿ, ಅಡಿಯಲ್ಲಿ ಬೂಷ್ಟು ಹಿಡಿದದ್ದು ಮರೆತೆಯಾ, ಮಹಾರಾಯ? “ಒರೆಸೋಕೆ ಸುಲಭ ಅಕ್ಕಾ” ಅಂತೀಯ. ಈ ಮನೆಯಲ್ಲಿ ನೀನು ಇದುವರೆಗೆ ಒರೆಸಿದ್ದು ನಿನ್ನ ಕನ್ನಡಕ ಒಂದನ್ನೇ.

ಮೇಸ್ತ್ರಿ ಅಳತೆಗೆ ಬರುತ್ತಾರೆ. ಸಿಮೆಂಟ್ ಬೇಡ, ಸುಣ್ಣದ ಗಾರೆಯ ಮೇಲೆ ಸುಟ್ಟ ಮಣ್ಣಿನ ಬಿಲ್ಲೆ ಕೂರಿಸಲಿ. ಮೇಲೆ ಪಾಲಿಶ್ ಬಳಿಯಕೂಡದು. ತೇವ ತಾನಾಗಿ ಆರಿಹೋಗಲಿ. ಅವರಿಗೆ ಟೀ ಕೊಡು, ಸಲಹೆ ಕೊಡಬೇಡ.

ನೀನು ತಂದ ಪ್ಲಾಸ್ಟಿಕ್ ಸುರುಳಿಯನ್ನು ಅಮ್ಮನ ಹಳೇ ಸ್ಕೂಟರಿಗೆ ಹೊದಿಸಿದ್ದೇನೆ. ಅಷ್ಟಕ್ಕೆ ಅದು ಲಾಯಕ್ಕು.

ಅಮ್ಮ ನಿನ್ನ ಕೋಣೆಯಲ್ಲಿ ಮಲಗಿದ್ದಾಳೆ. ಆ ತೇವದ ಕೋಣೆ ಬಿಟ್ಟ ಮೇಲೆ, ಎಷ್ಟೋ ದಿನಕ್ಕೆ ಕೆಮ್ಮದೆ ನಿದ್ದೆ ಹೋಗಿದ್ದಾಳೆ, ಎಬ್ಬಿಸೀಯ ಜೋಕೆ. ಕೆಲಸ ಶುರುವಾಗುವವರೆಗೆ ಅವಳ ಮಂಚ ನಿನ್ನದು. ಅಲ್ಲಿ ಮಲಗಿ ಎದ್ದ ಮೇಲೂ ಪ್ಲಾಸ್ಟಿಕ್ಕೇ ವಾಸಿ ಅನ್ನಿಸಿದರೆ, ಸಂಜೆ ನನ್ನೆದುರು ನಿಂತು ಹೇಳು. ಕೆಮ್ಮದೆ ಹೇಳು.

ಅಕ್ಕ